ಧನುಷ್ಕೋಟಿಯ ಮರಳು ದಂಡೆ: ಒಂದು ಪಾಠ



ಕಡಲನ್ನು ಕಾಣದ ಊರು ನಮ್ಮದು. ನಂಗವಳ್ಳಿಯಲ್ಲಿ ಹುಟ್ಟಿ ಬೆಳೆದ ಮಗುವಿಗೆ ನೀರೆಂದರೆ ಬಾವಿ, ಕೆರೆ, ಹೆಚ್ಚೆಂದರೆ ಮೆಟ್ಟೂರಿನ ಜಲಾಶಯ. ಮರಳೆಂದರೆ ಮನೆ ಕಟ್ಟುವವರ ಬಾಗಿಲಿನಲ್ಲಿ ಸುರಿದಿರುವ ಗುಡ್ಡೆ. ಪುಸ್ತಕದಲ್ಲಿ 'ದ್ವೀಪ', 'ಕೊಲ್ಲಿ', 'ಜಲಸಂಧಿ' ಎಂಬ ಶಬ್ದಗಳನ್ನು ಓದಿ ಬಾಯಿಪಾಠ ಮಾಡಬಹುದು. ಆದರೆ ಕಣ್ಣು ಕಾಣದ ವಸ್ತುವನ್ನು ಮನಸ್ಸು ಬಹುಕಾಲ ಹಿಡಿದಿಟ್ಟುಕೊಳ್ಳಲಾರದು. ಆದುದರಿಂದಲೇ ನಾವು ಈ ಸಾಲಿನ ಶೈಕ್ಷಣಿಕ ಪ್ರವಾಸಕ್ಕೆ ಧನುಷ್ಕೋಟಿಯನ್ನು ಆರಿಸಿಕೊಂಡೆವು.

ಆಗ ಪೋಷಕರಲ್ಲಿ ಕೆಲವರು ಒಂದು ಪ್ರಶ್ನೆಯನ್ನು ಕೇಳಿದರು: "ರಾಮೇಶ್ವರದ ದೇವಸ್ಥಾನವೆಂದರೆ ಸರಿ, ಪುಣ್ಯವುಂಟು. ಅದರಾಚೆಗಿನ ಬರಿಯ ಮರಳನ್ನು ನೋಡಲು ಮಕ್ಕಳನ್ನು ಅಷ್ಟು ದೂರ ಕರೆದೊಯ್ಯಬೇಕೆ?" ಇದು ನ್ಯಾಯವಾದ ಪ್ರಶ್ನೆ. ಬಂದವರಿಗೆ ಕಂಡುದನ್ನು ನೆನಪಿಸುವುದಕ್ಕೂ ಬಾರದವರಿಗೆ ತಿಳಿಸುವುದಕ್ಕೂ, ಈ ಪ್ರಶ್ನೆಗೆ ಉತ್ತರ ಕೊಡುವುದಕ್ಕೂ ಈ ಪಾಠವನ್ನು ಬರೆದಿದ್ದೇವೆ.

ದ್ವೀಪದ ದಾರಿ

ಸೇಲಂ, ನಾಮಕ್ಕಲ್, ಕರೂರು, ದಿಂಡಿಗಲ್, ಮಧುರೆಗಳನ್ನು ದಾಟಿ ರಾಮನಾಥಪುರದ ಮೂಲಕ ಮಂಡಪಂ ಸೇರಿದರೆ ಭಾರತದ ಮುಖ್ಯ ಭೂಮಿ ಅಲ್ಲಿಗೆ ಮುಗಿಯುತ್ತದೆ. ನಮ್ಮೂರಿನಿಂದ ಅಲ್ಲಿಗೆ ಸುಮಾರು ೪೦೦ ಕಿಲೋಮೀಟರು. ಮುಂದೆ ಕಾಣುವುದು ಪಾಂಬನ್ ದ್ವೀಪ. ನಡುವಣ ಕಡಲಿನ ಮೇಲೆ ೧೯೧೪ರ ಫೆಬ್ರವರಿಯಲ್ಲಿ ರೈಲು ಸೇತುವೆಯೊಂದು ತೆರೆಯಿತು. ಅದರ ಉದ್ದ ಎರಡು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಹಡಗುಗಳು ಬಂದಾಗ ನಡುವಿನ ಭಾಗವು ಇಬ್ಭಾಗವಾಗಿ ಮೇಲೇಳುವಂತೆ ಅದನ್ನು ರಚಿಸಿದ್ದರು. ನೂರು ವರ್ಷಗಳಿಗೂ ಮಿಕ್ಕಿ ದುಡಿದ ಆ ಸೇತುವೆಯ ಮೇಲೆ ೨೦೨೨ರ ಡಿಸೆಂಬರಿನಲ್ಲಿ ರೈಲುಗಳ ಸಂಚಾರ ನಿಂತಿತು. ಅದರ ಪಕ್ಕದಲ್ಲಿಯೇ ಕಟ್ಟಿದ ಹೊಸ ಸೇತುವೆಯು ೨೦೨೫ರ ಏಪ್ರಿಲ್ ೬ರಂದು ಉದ್ಘಾಟಿತವಾಯಿತು. ಇದರ ನಡುಭಾಗವು ಇಬ್ಭಾಗವಾಗದೆ ಇಡಿಯಾಗಿ ನೆಟ್ಟಗೆ ಮೇಲೇರುತ್ತದೆ. ವಾಹನಗಳು ಹೋಗುವ ರಸ್ತೆ ಸೇತುವೆಯು ೧೯೮೮ರಲ್ಲಿ ಆದುದು.

ದ್ವೀಪದ ಪಶ್ಚಿಮ ತುದಿಯಲ್ಲಿ ಪಾಂಬನ್, ನಡುವೆ ರಾಮೇಶ್ವರ, ಆಗ್ನೇಯಕ್ಕೆ ನೀಳವಾಗಿ ಚಾಚಿಕೊಂಡಿರುವ ಮರಳಿನ ನಾಲಗೆಯೇ ಧನುಷ್ಕೋಟಿ. ೨೦೧೭ಕ್ಕೆ ಮುಂಚೆ ಮುಕುಂದರಾಯರ್ ಛತ್ರದಿಂದಾಚೆಗೆ ಮರಳಿನಲ್ಲಿ ಹಾಯುವ ವಾಹನಗಳಲ್ಲದೆ ಬೇರೆ ಗತಿ ಇರಲಿಲ್ಲ. ಆ ವರ್ಷ ಸುಮಾರು ಒಂಬತ್ತೂವರೆ ಕಿಲೋಮೀಟರ್ ಉದ್ದದ ರಸ್ತೆಯು ತೆರೆದು, ಈಗ ಕಟ್ಟಕಡೆಯ ಅರಿಚ್ಚಲ್‌ಮುನೈವರೆಗೂ ಬಸ್ಸು ಹೋಗುತ್ತದೆ. ಅಲ್ಲಿಂದ ಸಿಂಹಳದ ತಲೈಮನ್ನಾರ್ ಮೂವತ್ತು ಕಿಲೋಮೀಟರಿಗಿಂತಲೂ ಹತ್ತಿರ.

ಹೆಸರಿನ ಅರ್ಥ

'ಧನುಸ್ಸು' ಎಂದರೆ ಬಿಲ್ಲು, 'ಕೋಟಿ' ಎಂದರೆ ತುದಿ. ಲಂಕೆಯಿಂದ ಹಿಂದಿರುಗಿದ ಶ್ರೀರಾಮನು ವಿಭೀಷಣನ ಪ್ರಾರ್ಥನೆಯಂತೆ ತನ್ನ ಬಿಲ್ಲಿನ ತುದಿಯಿಂದ ಸೇತುವೆಯನ್ನು ಮುರಿದನೆಂದು ಸ್ಥಳಪುರಾಣವು ಹೇಳುತ್ತದೆ. ದಾರಿಯಲ್ಲಿರುವ ಕೋದಂಡರಾಮ ದೇವಾಲಯವು ವಿಭೀಷಣನ ಶರಣಾಗತಿಯನ್ನು ನೆನಪಿಸುವ ಸ್ಥಳ.

ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ನಮ್ಮ ಮಕ್ಕಳಿಗೆ ಇಲ್ಲಿ ಇನ್ನೊಂದು ಲಾಭವುಂಟು. ತಮಿಳಿನ 'ಮುನೈ' ನಮ್ಮ 'ಮೊನೆ'ಯೇ. ಅವರ 'ಕಡಲ್' ನಮ್ಮ 'ಕಡಲು', ಅವರ 'ಅಲೈ' ನಮ್ಮ 'ಅಲೆ', ಅವರ 'ಮಣಲ್' ನಮ್ಮ 'ಮಳಲು'. ಎರಡು ನುಡಿಗಳೂ ಅಕ್ಕತಂಗಿಯರೆಂಬುದನ್ನು ವ್ಯಾಕರಣದ ಪುಸ್ತಕವನ್ನು ತೆರೆಯದೆಯೇ ಆ ದಡದಲ್ಲಿ ನಿಂತು ಕಲಿಯಬಹುದು.

ಎರಡು ಕಡಲುಗಳು

ಅರಿಚ್ಚಲ್‌ಮುನೈಯಲ್ಲಿ ನಿಂತವನ ಎರಡು ಪಕ್ಕಗಳಲ್ಲಿಯೂ ನೀರು. ಬಡಗಣಕ್ಕೆ ಪಾಕ್ ಕೊಲ್ಲಿ, ತೆಂಕಣಕ್ಕೆ ಮನ್ನಾರ್ ಕೊಲ್ಲಿ. ಅಲ್ಲಿಯ ಜನರು ಬಡಗಣ ಕಡಲನ್ನು 'ಪೆಣ್ ಕಡಲ್', ಎಂದರೆ ಹೆಣ್ಣು ಕಡಲು, ಎಂದೂ, ತೆಂಕಣದನ್ನು 'ಆಣ್ ಕಡಲ್', ಎಂದರೆ ಗಂಡು ಕಡಲು, ಎಂದೂ ಕರೆಯುತ್ತಾರೆ. ಮೊದಲನೆಯದು ಶಾಂತ, ಎರಡನೆಯದು ಉಗ್ರ ಎಂದು ಅವರ ಮಾತು.

ನಾವು ಹೋದದ್ದು ಜನವರಿಯ ಕೊನೆಯ ವಾರದಲ್ಲಿ. ಶಾಂತವೆಂದು ಕೇಳಿದ್ದ ಬಡಗಣ ಕಡಲು ಅಂದು ಕದಡಿ, ಸಣ್ಣ ಸಣ್ಣ ಅಲೆಗಳಿಂದ ಕುದಿಯುತ್ತಿತ್ತು. ತೆಂಕಣದ್ದು ಬಹುಮಟ್ಟಿಗೆ ಸುಮ್ಮನಿತ್ತು. "ಸಾರ್, ಹೇಳಿದ್ದು ತಿರುಗುಮುರುಗಾಗಿದೆಯಲ್ಲ!" ಎಂದು ಎಂಟನೆಯ ತರಗತಿಯ ಬಾಲಕನೊಬ್ಬನು ಕೇಳಿದನು. ಅಂದಿನ ಪ್ರಶ್ನೆಗಳಲ್ಲೆಲ್ಲ ಉತ್ತಮವಾದುದು ಇದೇ ಎಂದು ನಾವು ಎಣಿಸುತ್ತೇವೆ.

ಕಾರಣವಿಷ್ಟೆ. ಕಡಲಿನ ಅಲೆಗಳಿಗೆ ತಾಯಿ ಗಾಳಿ. ಜೂನ್ ತಿಂಗಳಿನಿಂದ ಸೆಪ್ಟೆಂಬರವರೆಗೆ ನೈಋತ್ಯ ಮಾರುತವು ಬೀಸುವಾಗ ಅದು ನೇರವಾಗಿ ಮನ್ನಾರ್ ಕೊಲ್ಲಿಯ ಕಡೆಯ ದಂಡೆಗೆ ಅಪ್ಪಳಿಸುತ್ತದೆ. ಆಗ ದ್ವೀಪವೇ ಅಡ್ಡಲಾಗಿ ನಿಂತು ಬಡಗಣ ದಂಡೆಯನ್ನು ಕಾಯುತ್ತದೆ. ಅಕ್ಟೋಬರಿನಿಂದ ಮುಂದಕ್ಕೆ ಈಶಾನ್ಯ ಮಾರುತವು ಬೀಸಿದಾಗ ಪಾಕ್ ಕೊಲ್ಲಿಯ ಸರದಿ. ತೆಂಕಣ ದಂಡೆಗೆ ವಿಶ್ರಾಂತಿ. ಹಿರಿಯರ ಮಾತು ಸುಳ್ಳಲ್ಲ, ಆದರೆ ಆ ಮಾತಿಗೆ ಒಂದು ಋತುವುಂಟು. ಯಾವ ಮಾತನ್ನು ಕೇಳಿದರೂ ಅದು ಎಂದು, ಎಲ್ಲಿ ಸತ್ಯ ಎಂದು ವಿಚಾರಿಸುವುದೇ ವಿಜ್ಞಾನದ ಮೊದಲನೆಯ ಮೆಟ್ಟಿಲು.

ಮರಳು ಎಲ್ಲಿಂದ ಬಂತು?

ಒಂದು ಹಿಡಿ ಮರಳನ್ನು ಅಂಗೈಯಲ್ಲಿ ಹರಡಿ ಭೂತಕನ್ನಡಿಯಿಂದ ನೋಡಿರಿ. ಗಾಜಿನಂತೆ ಹೊಳೆಯುವ ಕಣಗಳು ಬೆಣಚುಕಲ್ಲಿನವು. ಇವು ಬೆಟ್ಟಗಳಲ್ಲಿ ಹುಟ್ಟಿ, ಬಿಸಿಲು ಮಳೆಗಳಿಗೆ ಒಡೆದು, ನದಿಗಳಲ್ಲಿ ಉರುಳಿ ಕಡಲಿಗೆ ಬಂದವು. ಬೆಳ್ಳಗೆ, ಮಂದವಾಗಿ, ಚಪ್ಪಟೆಯಾಗಿರುವ ಚೂರುಗಳು ಕಪ್ಪೆಚಿಪ್ಪು ಮತ್ತು ಹವಳಗಳ ಪುಡಿ. ಇವು ಕಡಲಿನಲ್ಲಿಯೇ ಹುಟ್ಟಿದವು. ಎರಡು ಮಿಲಿಮೀಟರಿಗಿಂತ ಸಣ್ಣದಾಗಿ, ಬೆರಳಿಗೆ ತರಿಯಾಗಿ ಸಿಕ್ಕುವ ಕಣಕ್ಕೆಲ್ಲ ನಾವು ಮರಳೆನ್ನುತ್ತೇವೆ. ಅದು ಯಾವ ಕಲ್ಲಿನದಾದರೂ ಸರಿ.

ಹೀಗೆ ಬಂದ ಮರಳು ಒಂದೆಡೆ ನಿಲ್ಲುವುದಿಲ್ಲ. ಅಲೆಯು ದಡಕ್ಕೆ ಓರೆಯಾಗಿ ಬಂದು ಮರಳನ್ನು ಪಕ್ಕಕ್ಕೆ ಏರಿಸುತ್ತದೆ. ಹಿಂದಿರುಗುವಾಗ ಇಳಿಜಾರಿನಲ್ಲಿ ನೆಟ್ಟಗೆ ಇಳಿಸುತ್ತದೆ. ನಮ್ಮ ಮಗ್ಗದ ಲಾಳಿಯು ಹೋಗಿ ಬಂದು ಹೋಗಿ ಬಂದು ಬಟ್ಟೆಯನ್ನು ಉದ್ದ ಮಾಡುವಂತೆ, ಈ ಅಲೆಗಳು ಕಣಗಳನ್ನು ದಡದ ಉದ್ದಕ್ಕೂ ಮುಂದೆ ಮುಂದೆ ಸಾಗಿಸುತ್ತವೆ. ನೀರಿನ ವೇಗವು ಕುಂದಿದೆಡೆ ಹೊರೆಯನ್ನು ಇಳಿಸುತ್ತವೆ. ಎರಡು ಕಡಲುಗಳ ನಡುವೆ ಧನುಷ್ಕೋಟಿಯ ನಾಲಗೆಯು ಬೆಳೆದದ್ದು ಹೀಗೆಯೇ. ಆದುದರಿಂದ ಅದರ ಮೊನೆಯು ವರ್ಷದಿಂದ ವರ್ಷಕ್ಕೆ, ಋತುವಿನಿಂದ ಋತುವಿಗೆ ಆಕಾರವನ್ನು ಬದಲಿಸುತ್ತಲೇ ಇರುತ್ತದೆ.

ದ್ವೀಪದ ದಂಡೆಗಳೆಲ್ಲ ಹೀಗಿರುವುದಿಲ್ಲ. ಉಡುಪಿ ಜಿಲ್ಲೆಯ ಮಲ್ಪೆಯೆದುರು ಇರುವ ಸೇಂಟ್ ಮೇರಿಸ್ ದ್ವೀಪಗಳಲ್ಲಿ ಮರಳಿಗಿಂತ ಕಪ್ಪೆಚಿಪ್ಪುಗಳೇ ಅಧಿಕ. ಕರಗಿದ ಶಿಲಾರಸವು ಆರುವಾಗ ಬಿರುಕು ಬಿಟ್ಟು ಕಂಬ ಕಂಬವಾಗಿ ನಿಂತ ಬಂಡೆಗಳು ಅಲ್ಲಿಯ ಸೋಜಿಗ. ಅದು ಕಲ್ಲಿನ ದ್ವೀಪ. ಧನುಷ್ಕೋಟಿಯದೋ ಮರಳಿನ ನೆಲ. ಕಲ್ಲು ತಾಳುವುದನ್ನು ಮರಳು ತಾಳಲಾರದು.

ಇಲ್ಲಿ ನಮ್ಮ ಮನೆಬಾಗಿಲಿನ ಮಾತೊಂದನ್ನು ಹೇಳಬೇಕು. ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿಯು ಕನ್ನಡನಾಡನ್ನು ಹಾಯ್ದು ನಮ್ಮ ಮಗ್ಗುಲಿನಲ್ಲಿಯೇ ಮೆಟ್ಟೂರಿಗೆ ಬರುತ್ತಾಳೆ. ೧೯೩೪ರಲ್ಲಿ ಮುಗಿದ ಅಲ್ಲಿಯ ಅಣೆಕಟ್ಟು ತಂಜಾವೂರಿನ ಗದ್ದೆಗಳಿಗೆ ಅನ್ನವನ್ನು ಕೊಟ್ಟಿತು. ಆದರೆ ಅಣೆಕಟ್ಟು ನೀರನ್ನು ಮಾತ್ರ ನಿಲ್ಲಿಸುವುದಿಲ್ಲ. ನೀರು ಹೊತ್ತು ತರುವ ಮರಳನ್ನೂ ಹೂಳನ್ನೂ ತಡೆಯುತ್ತದೆ. ಅಣೆಕಟ್ಟಿನ ಕೆಳಗೆ ಉಳಿದ ಮರಳನ್ನು ಮನೆ ಕಟ್ಟುವುದಕ್ಕಾಗಿ ನಾವು ಬಗೆದು ಒಯ್ಯುತ್ತೇವೆ. ಹೀಗೆ ಪೂಂಪುಹಾರಿನ ಕಡಲತೀರಕ್ಕೆ ಸೇರಬೇಕಾದ ಪಾಲು ಕಡಿಮೆಯಾಗುತ್ತದೆ. ಕಡಲು ತನ್ನ ಪಾಲಿನ ಮರಳನ್ನು ದಡದಿಂದ ಎಳೆದುಕೊಳ್ಳುವುದನ್ನು ಬಿಡುವುದಿಲ್ಲ. ಬರುವುದು ಕುಗ್ಗಿ ಹೋಗುವುದು ಹಾಗೆಯೇ ಇದ್ದರೆ ದಡವು ಕರಗುತ್ತದೆ. ಮನೆಯ ಜಮಾಖರ್ಚಿನ ಲೆಕ್ಕವೇ ಇಲ್ಲಿಯೂ. ಕಡಲನ್ನೇ ಕಾಣದ ಊರಿನವರಾದ ನಾವೂ ಹೀಗೆ ಕಡಲತೀರದ ಹೊಣೆಗಾರರು.

ಉಪ್ಪಿನ ನಡುವೆ ಸಿಹಿನೀರು

ಅಂದು ಮಕ್ಕಳನ್ನು ಎಲ್ಲಕ್ಕಿಂತ ಬೆರಗುಗೊಳಿಸಿದ್ದು ಇದು. ಮೀನುಗಾರರ ಗುಡಿಸಲಿನ ಬಳಿ ಒಬ್ಬ ವೃದ್ಧೆಯು ಮರಳಿನಲ್ಲಿ ತೋಡಿದ ತಗ್ಗಿನಿಂದ ನೀರನ್ನು ಮೊಗೆದು ಕೊಡಕ್ಕೆ ತುಂಬುತ್ತಿದ್ದಳು. "ಪಾಟಿ, ಇದು ಕುಡಿಯುವ ನೀರೇ?" ಎಂದು ಹುಡುಗಿಯೊಬ್ಬಳು ತಮಿಳಿನಲ್ಲಿ ಕೇಳಿದಳು. ವೃದ್ಧೆಯು ನಕ್ಕು, ಅವಳ ಬೊಗಸೆಗೆ ನೀರೆರೆದಳು. ನೀರು ಸಿಹಿಯಾಗಿತ್ತು. ಕಡಲು ಇನ್ನೂರು ಹೆಜ್ಜೆಯೂ ದೂರವಿರಲಿಲ್ಲ.

ಇದರಲ್ಲಿ ಮಂತ್ರವೇನೂ ಇಲ್ಲ. ಬಿದ್ದ ಮಳೆಯನ್ನು ಮರಳು ಬೇಗನೆ ಒಳಗೆಳೆದುಕೊಳ್ಳುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಒಂದು ಲೀಟರು ಸಿಹಿನೀರಿನ ತೂಕ ೧೦೦೦ ಗ್ರಾಂ ಆದರೆ, ಅಷ್ಟೇ ಕಡಲನೀರು ಸುಮಾರು ೧೦೨೫ ಗ್ರಾಂ ತೂಗುತ್ತದೆ. ಆದುದರಿಂದ ಮರಳಿನೊಳಗೆ ಉಪ್ಪುನೀರಿನ ಮೇಲೆ ಸಿಹಿನೀರು ತೇಲಿಕೊಂಡಿರುತ್ತದೆ. ಕಡಲಿನ ಮಟ್ಟಕ್ಕಿಂತ ಒಂದು ಅಡಿ ಮೇಲಕ್ಕೆ ಸಿಹಿನೀರು ನಿಂತರೆ, ಆ ಮಟ್ಟದ ಕೆಳಗೆ ಸುಮಾರು ನಲವತ್ತು ಅಡಿಗಳವರೆಗೆ ಅದು ಇಳಿದಿರುತ್ತದೆಂದು ಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಇದೇ ಲೆಕ್ಕವು ಎಚ್ಚರಿಕೆಯೂ ಹೌದು. ದುರಾಸೆಯಿಂದ ಯಂತ್ರವಿಟ್ಟು ಮೇಲಿನ ಒಂದು ಅಡಿ ನೀರನ್ನು ಎಳೆದುಬಿಟ್ಟರೆ, ಕೆಳಗಿನ ಉಪ್ಪುನೀರು ನಲವತ್ತು ಅಡಿ ಮೇಲಕ್ಕೇರಿ ಬರುತ್ತದೆ. ಕೈಯಿಂದ ಮೊಗೆಯುವ ಆ ವೃದ್ಧೆಯು ಪುಸ್ತಕವನ್ನು ಓದದೆಯೇ ಈ ಮಿತವ್ಯಯವನ್ನು ಬಲ್ಲಳು.

ಮರಳನ್ನು ಕಟ್ಟುವವರು

ಗಾಳಿಗೆ ಹಾರುವ ಮರಳನ್ನು ಕಟ್ಟಿಹಾಕುವುದು ಗಿಡಬಳ್ಳಿಗಳ ಕೆಲಸ. ನೇರಳೆ ಬಣ್ಣದ ಹೂ ಬಿಡುವ ಅಡುಂಬು ಬಳ್ಳಿಯು ಗಂಟು ಗಂಟಿಗೂ ಬೇರು ಬಿಟ್ಟು ಬಲೆಯಂತೆ ಹರಡುತ್ತದೆ. ಮುಳ್ಳಿನ ತುದಿಯುಳ್ಳ ರಾವಣನ ಮೀಸೆ ಎಂಬ ಹುಲ್ಲು ಗಾಳಿಯನ್ನು ತಡೆದು ತನ್ನ ಬುಡದಲ್ಲಿ ಮರಳನ್ನು ಕೂಡಿಸುತ್ತದೆ. ಹೀಗೆ ದಿಬ್ಬಗಳು ಏಳುತ್ತವೆ. ದಿಬ್ಬವು ಅಲೆಗೆ ಮೊದಲನೆಯ ಕೋಟೆ. ಅದರ ಮೇಲೆ ಓಡಾಡಿ ಬಳ್ಳಿಯನ್ನು ತುಳಿಯುವವನು ಕೋಟೆಯ ಕಲ್ಲನ್ನು ಕೀಳುವವನಿಗೆ ಸಮಾನ.

ಆ ಮರಳು ಕಡಲಾಮೆಗಳಿಗೆ ಹೆರಿಗೆಮನೆ. ವರ್ಷದ ಮೊದಲ ತಿಂಗಳುಗಳಲ್ಲಿ ಹೆಣ್ಣಾಮೆಯು ರಾತ್ರಿಯಲ್ಲಿ ದಡಕ್ಕೆ ತೆವಳಿ ಬಂದು, ಸುಮಾರು ಒಂದೂವರೆ ಅಡಿ ಆಳದ ಗುಂಡಿಯಲ್ಲಿ ನೂರರಷ್ಟು ಮೊಟ್ಟೆಗಳನ್ನಿಟ್ಟು, ಮರಳನ್ನು ಮುಚ್ಚಿ ಹಿಂದಿರುಗುತ್ತದೆ. ಐವತ್ತು ದಿನಗಳ ಆಸುಪಾಸಿನಲ್ಲಿ ಮರಿಗಳು ಹೊರಬರುತ್ತವೆ. ಅವು ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಮರಳಿನ ಕಾವು: ಹೆಚ್ಚು ಬೆಚ್ಚಗಿದ್ದರೆ ಹೆಣ್ಣು, ತಂಪಾಗಿದ್ದರೆ ಗಂಡು. ಕತ್ತಲಿನಲ್ಲಿ ಹೊಳೆಯುವ ಕಡಲಿನ ಕಡೆಗೆ ನಡೆಯುವುದು ಮರಿಗಳ ಸ್ವಭಾವ. ದಡದಲ್ಲಿ ದೀಪಗಳಿದ್ದರೆ ಅವು ದಾರಿ ತಪ್ಪಿ ಸಾಯುತ್ತವೆ. ಚಳಿಗಾಲದಲ್ಲಿ ಅಲ್ಲಿಯ ಆಳವಿಲ್ಲದ ನೀರಿಗೆ ರಾಜಹಂಸಗಳೂ ಬರುತ್ತವೆ. ೨೦೨೫ರಲ್ಲಿ ತಮಿಳುನಾಡು ಸರ್ಕಾರವು ಅವುಗಳಿಗಾಗಿ ಧನುಷ್ಕೋಟಿಯಲ್ಲಿ ಪಕ್ಷಿಧಾಮವನ್ನು ಘೋಷಿಸಿತು.

ಮನ್ನಾರ್ ಕೊಲ್ಲಿಯಲ್ಲಿ ರಾಮೇಶ್ವರಕ್ಕೂ ತೂತ್ತುಕ್ಕುಡಿಗೂ ನಡುವೆ ೨೧ ಸಣ್ಣ ದ್ವೀಪಗಳಿದ್ದುವು. ೧೯೮೬ರಲ್ಲಿ ಇವನ್ನು ಸಾಗರ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಿದರು. ಆದರೆ ಅವುಗಳ ಸುತ್ತಲಿನ ಹವಳದ ದಿಬ್ಬಗಳನ್ನು ಸುಣ್ಣಕ್ಕಾಗಿ ವರ್ಷಾನುವರ್ಷ ಅಗೆದಿದ್ದರು. ಹವಳವು ಅಲೆಯ ಬಲವನ್ನು ಮುರಿಯುವ ಗೋಡೆ. ಗೋಡೆ ಹೋದ ಮೇಲೆ ಮನೆಯೂ ನಿಲ್ಲಲಿಲ್ಲ. ವಿಲಂಗುಚಲ್ಲಿ, ಪೂವರಸನ್‌ಪಟ್ಟಿ ಎಂಬ ಎರಡು ದ್ವೀಪಗಳು ನೀರಿನ ಕೆಳಗೆ ಮುಳುಗಿಹೋದುವು.

೧೯೬೪ರ ಆ ರಾತ್ರಿ

ಧನುಷ್ಕೋಟಿಯು ಒಂದು ಕಾಲಕ್ಕೆ ಜನಭರಿತವಾದ ಪಟ್ಟಣವಾಗಿತ್ತು. ೧೯೧೪ರಿಂದ ಮದರಾಸಿನ 'ಬೋಟ್ ಮೇಲ್' ರೈಲು ಅಲ್ಲಿಯವರೆಗೆ ಬರುತ್ತಿತ್ತು. ಪ್ರಯಾಣಿಕರು ರೈಲಿನಿಂದಿಳಿದು ಹಡಗನ್ನೇರಿ ತಲೈಮನ್ನಾರಿಗೆ ಹೋಗಿ, ಅಲ್ಲಿ ಮತ್ತೆ ರೈಲು ಹಿಡಿದು ಕೊಲಂಬೊ ಸೇರುತ್ತಿದ್ದರು. ನಿಲ್ದಾಣ, ಅಂಚೆಕಚೇರಿ, ಶಾಲೆ, ಛತ್ರ, ಇಗರ್ಜಿ ಎಲ್ಲವೂ ಅಲ್ಲಿದ್ದುವು.

೧೯೬೪ರ ಡಿಸೆಂಬರ್ ೨೨ರ ರಾತ್ರಿ ಸಿಂಹಳದ ಬಡಗಣ ಭಾಗವನ್ನು ದಾಟಿ ಬಂದ ಚಂಡಮಾರುತವು ಧನುಷ್ಕೋಟಿಯ ಮೇಲೆರಗಿತು. ಪಾಂಬನ್ನಿನಿಂದ ಹೊರಟಿದ್ದ ಪ್ಯಾಸೆಂಜರ್ ರೈಲು ನಿಲ್ದಾಣವನ್ನು ಸೇರುವುದಕ್ಕೆ ಸ್ವಲ್ಪವೇ ಮುಂಚೆ ಅಲೆಗಳ ಬಾಯಿಗೆ ಸಿಕ್ಕಿತು. ಅದರಲ್ಲಿದ್ದ ನೂರಕ್ಕೂ ಮಿಕ್ಕ ಜನರಲ್ಲಿ ಯಾರೂ ಉಳಿಯಲಿಲ್ಲ. ಬೆಳಗಾಗುವಷ್ಟರಲ್ಲಿ ಊರು ಇರಲಿಲ್ಲ. ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರವು ಘೋಷಿಸಿತು. ಅಲ್ಲಿಗೆ ಹೋಗುತ್ತಿದ್ದ ರೈಲುದಾರಿಯನ್ನು ಮತ್ತೆ ಕಟ್ಟಲಿಲ್ಲ. ಮೊದಲು ಹೇಳಿದ ಕೋದಂಡರಾಮ ದೇವಾಲಯವು ಮಾತ್ರ ಆ ಬಿರುಗಾಳಿಯನ್ನು ತಾಳಿ ನಿಂತಿತು. ಇಗರ್ಜಿಯ ಮೊಂಡುಗೋಡೆಗಳನ್ನೂ ನಿಲ್ದಾಣದ ಅವಶೇಷಗಳನ್ನೂ ಮಕ್ಕಳು ಮಾತಿಲ್ಲದೆ ನೋಡಿದರು.

ಗಾಳಿಯೊಂದೇ ಇಷ್ಟು ಹಾನಿ ಮಾಡಲಿಲ್ಲ. ಚಂಡಮಾರುತವು ಕಡಲಿನ ನೀರನ್ನು ದಡದ ಕಡೆಗೆ ತಳ್ಳಿ ಗುಡ್ಡೆಯಾಗಿಸುತ್ತದೆ. ಆಳವಾದ ಕಡಲಿನಲ್ಲಿ ಆ ನೀರು ಕೆಳಗಿನಿಂದ ಹಿಂದಿರುಗಬಲ್ಲುದು. ಆಳವಿಲ್ಲದಲ್ಲಿ ಅದಕ್ಕೆ ಎಡೆಯಿಲ್ಲ, ಮೇಲಕ್ಕೇ ಏರಬೇಕು. ಪಾಕ್ ಕೊಲ್ಲಿಯು ಬಹಳ ಆಳವಿಲ್ಲದ ಕಡಲು; ಧನುಷ್ಕೋಟಿಯು ಕಡಲಿನ ಮಟ್ಟಕ್ಕಿಂತ ಕೆಲವೇ ಅಡಿ ಎತ್ತರದ ನೆಲ. ಎರಡೂ ಕೂಡಿದಲ್ಲಿ ಈ ಅನಾಹುತವಾಯಿತು.

ಆ ರಾತ್ರಿ ಪಾಂಬನ್ ಸೇತುವೆಯ ೧೪೬ ಕಣ್ಣುಗಳ ಪೈಕಿ ಬಹುಪಾಲಿನ ತೊಲೆಗಳು ಕಡಲಿಗೆ ಬಿದ್ದುವು. ಯುವ ಎಂಜಿನಿಯರರಾಗಿದ್ದ ಇ. ಶ್ರೀಧರನ್ ಅವರ ನೇತೃತ್ವದಲ್ಲಿ, ಕಡಲಿಗೆ ಬಿದ್ದ ತೊಲೆಗಳನ್ನೇ ಎತ್ತಿ ಕೂಡಿಸಿ, ೪೬ ದಿನಗಳಲ್ಲಿ ಸೇತುವೆಯನ್ನು ಮತ್ತೆ ನಿಲ್ಲಿಸಿದರು. ಮನುಷ್ಯನ ಅಲ್ಪತೆಯನ್ನು ತೋರಿಸಿದ ಕಡಲೇ ಅವನ ಸಾಹಸವನ್ನೂ ತೋರಿಸಿತು.

ಕಡಲತೀರದಲ್ಲಿ ನಡೆಯತಕ್ಕ ರೀತಿ

ಈಜು ಬಲ್ಲ ನಮ್ಮ ಹುಡುಗರು ಬಾವಿಯಲ್ಲಿ ಈಜಿದವರು. ಬಾವಿಯ ನೀರು ನಿಂತ ನೀರು. ಕಡಲಿನದು ಎಳೆಯುವ ನೀರು. ಅರಿಚ್ಚಲ್‌ಮುನೈಯಲ್ಲಿ ಎರಡು ಕಡೆಯ ಸೆಳೆತಗಳೂ ಕೂಡುತ್ತವೆ. ಅಲ್ಲಿ ಯಾರೂ ನೀರಿಗಿಳಿಯಕೂಡದು. ನಾವು ಮಕ್ಕಳನ್ನು ನಾಲ್ಕು ಸಾಲುಗಳಾಗಿ ನಿಲ್ಲಿಸಿ, ಪಾದವನ್ನೂ ತೋಯಿಸಿಕೊಳ್ಳಲು ಬಿಡಲಿಲ್ಲ. ಕೆಲವರಿಗೆ ಬೇಸರವಾಯಿತು, ಆದರೆ ಕರೆದೊಯ್ದ ಮಕ್ಕಳನ್ನೆಲ್ಲ ಎಣಿಸಿ ತಾಯಂದಿರ ಕೈಗೆ ಒಪ್ಪಿಸುವುದು ಉಪಾಧ್ಯಾಯನ ಮೊದಲನೆಯ ಧರ್ಮ. ಪೋಷಕರು ತಾವಾಗಿ ಹೋದಾಗಲೂ ಇದೇ ನಿಯಮವನ್ನು ಪಾಲಿಸಬೇಕೆಂದು ಪ್ರಾರ್ಥಿಸುತ್ತೇವೆ.

ಎಂದಾದರೂ ಯಾವುದಾದರೂ ದಡದಲ್ಲಿ ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ಎದುರೀಜಿ ದಣಿಯಬಾರದು. ತೇಲುತ್ತಾ, ಕೈಯೆತ್ತಿ ಕೂಗಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಸೆಳೆತದ ಅಗಲವು ಸಾಮಾನ್ಯವಾಗಿ ಹೆಚ್ಚಿರುವುದಿಲ್ಲ. ಕಡಲು ಇದ್ದಕ್ಕಿದ್ದಂತೆ ಬಹುದೂರ ಹಿಂದಕ್ಕೆ ಸರಿದರೆ ಮೀನು, ಚಿಪ್ಪುಗಳನ್ನು ಆಯಲು ಹೋಗದೆ ಎತ್ತರದ ನೆಲಕ್ಕೆ ಓಡಬೇಕು.

ಈ ಕೊನೆಯ ಮಾತಿಗೆ ಒಂದು ನಿದರ್ಶನವುಂಟು. ೨೦೦೪ರ ಡಿಸೆಂಬರ್ ೨೬ರಂದು ಸುನಾಮಿಯ ದಿನ, ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಇಂಗ್ಲಿಷ್ ಬಾಲಿಕೆಯು ತಂದೆತಾಯಿಗಳೊಡನೆ ಥಾಯ್ಲೆಂಡಿನ ಫುಕೆಟ್ ದ್ವೀಪದ ಮರಳು ದಂಡೆಯಲ್ಲಿದ್ದಳು. ನೀರು ನೊರೆ ನೊರೆಯಾಗಿ ವಿಚಿತ್ರವಾಗಿ ವರ್ತಿಸುವುದನ್ನು ಅವಳು ಕಂಡಳು. ಎರಡು ವಾರಗಳ ಹಿಂದೆಯಷ್ಟೇ ಭೂಗೋಳದ ತರಗತಿಯಲ್ಲಿ ಉಪಾಧ್ಯಾಯರು ಇದನ್ನೇ ಪಾಠ ಮಾಡಿದ್ದರು. ಅವಳು ಹಟ ಹಿಡಿದು ಹಿರಿಯರನ್ನು ಎಚ್ಚರಿಸಿದಳು. ದಂಡೆಯನ್ನು ತೆರವು ಮಾಡಿದರು. ಸುಮಾರು ನೂರು ಜನ ಬದುಕಿದರು. ಒಂದು ಪಾಠವು ಎಂದು, ಎಲ್ಲಿ, ಯಾರ ಪ್ರಾಣವನ್ನು ಕಾಯುವುದೋ ಕಲಿಸುವವನಿಗೂ ತಿಳಿಯದು, ಕಲಿಯುವವನಿಗೂ ತಿಳಿಯದು. ಬರಿಯ ಮರಳನ್ನು ನೋಡಲು ಏಕೆ ಹೋಗಬೇಕೆಂಬ ಪ್ರಶ್ನೆಗೆ ನಮ್ಮ ಉತ್ತರವಿದು.

ಮಾಡಿ ನೋಡಿರಿ

೧. ಮೊಟ್ಟೆಯ ಚಿಪ್ಪಿನ ಪುಡಿಯ ಮೇಲೆ ನಿಂಬೆಯ ರಸವನ್ನು ಹಿಂಡಿರಿ, ಗುಳ್ಳೆಗಳೇಳುತ್ತವೆ. ಶುದ್ಧ ಬೆಣಚುಕಲ್ಲಿನ ಚೂರಿನ ಮೇಲೆ ಹಿಂಡಿರಿ, ಏಳುವುದಿಲ್ಲ. ಚಿಪ್ಪಿನ ಮರಳನ್ನೂ ಕಲ್ಲಿನ ಮರಳನ್ನೂ ಗುರುತಿಸುವುದು ಹೇಗೆಂದು ಇದರಿಂದ ಬರೆಯಿರಿ. (ಕಡಲತೀರದಿಂದ ಮರಳು, ಹವಳ, ಚಿಪ್ಪುಗಳನ್ನು ತರಬೇಡಿರಿ.)

೨. ಒಂದು ಲೋಟ ಗಟ್ಟಿಯಾದ ಉಪ್ಪುನೀರಿನ ಮೇಲೆ, ಅರಿಶಿನ ಕಲಸಿದ ಸಿಹಿನೀರನ್ನು ಚಮಚದ ಅಂಚಿನಿಂದ ಮೆಲ್ಲಗೆ ಬಿಡಿರಿ. ಏನಾಗುವುದೆಂದು ನೋಡಿ ಕಾರಣವನ್ನು ಹೇಳಿರಿ.

೩. ಬೋಗುಣಿಯಲ್ಲಿ ಮರಳಿನ ದಿಬ್ಬವನ್ನು ಮಾಡಿ ನೀರನ್ನು ಕದಡಿರಿ. ಅನಂತರ ಇನ್ನೊಂದು ದಿಬ್ಬದಲ್ಲಿ ಗರಿಕೆಯನ್ನು ನೆಟ್ಟು, ಬೇರೂರಿದ ಮೇಲೆ ಹಾಗೆಯೇ ಕದಡಿರಿ. ಎರಡರಲ್ಲಿ ಯಾವುದು ಬೇಗ ಕರಗಿತು?

೪. ನಿಮ್ಮ ಮನೆ ಅಥವಾ ನೆರೆಮನೆ ಕಟ್ಟಿದಾಗ ಬಳಸಿದ ಮರಳು ಎಲ್ಲಿಂದ ಬಂತೆಂದು ಹಿರಿಯರನ್ನು ಕೇಳಿ, ಹತ್ತು ಸಾಲುಗಳಲ್ಲಿ ಬರೆದು ತರಗತಿಯಲ್ಲಿ ಓದಿರಿ.